ನೂರು ಕೊಟ್ಟರೆ ಎಂಬತ್ತೇಳು ವಾಪಸ್: ಓಟದ ಶೂ ಒಳಗೆ ಏನಿದೆ?

ಈ ವಾರದ ವಿಡಿಯೋದಲ್ಲಿ ಆಡಿದ ಮಾತನ್ನೇ ಸ್ವಲ್ಪ ಒಪ್ಪ ಮಾಡಿ ಇಲ್ಲಿ ಹಾಕಿದ್ದೇನೆ. ನೋಡೋದಕ್ಕಿಂತ ಓದೋದೇ ಇಷ್ಟ ಅನ್ನೋರಿಗೆ, ಮತ್ತೆ ಲೋಕಲ್ ಟ್ರೇನಿನಲ್ಲಿ ಇಯರ್‌ಫೋನ್ ಮರೆತು ಬಂದವರಿಗೆ ಇದು.

ಈ ವಿಷಯ ಶುರುವಾಗಿದ್ದು ಒಂದು ಫೋನಿನಿಂದ. ನನ್ನ ಅಣ್ಣ ಪುಣೆಯ ಪಿಂಪ್ರಿ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡ್ತಾನೆ. ಅವನ ಮಗಳಿಗೆ ಈಗ ಹದಿನೈದು ವರ್ಷ. 1500 ಮೀಟರ್, 3000 ಮೀಟರ್ ಓಡ್ತಾಳೆ, ಜಿಲ್ಲಾ ಮಟ್ಟದವರೆಗೆ ಬಂದಿದ್ದಾಳೆ. ಅಣ್ಣ ಹೇಳಿದ್ದು ಇಷ್ಟು: "ಅಕಿ ಸಂಗಾಟ ಓಡೋ ಹುಡುಗಿ ಒಬ್ಬಾಕಿ ಕಾರ್ಬನ್ ಪ್ಲೇಟ್ ಶೂ ತಗೊಂಡಾಳ. ಇಪ್ಪತ್ತೆರಡು ಸಾವಿರ ಅಂತ. ಇಕಿ ಊಟಾ ಬಿಟ್ಟು ಕುಂತಾಳ. ಸೊಸೈಟ್ಯಾಗ ಸಾಲಾ ತೆಗದು ಕೊಡಿಸಲೇನು? ನೀ ಓದಾಂವ, ಹೇಳು."

ನಾನು ಆವತ್ತು ಉತ್ತರ ಕೊಡಲಿಲ್ಲ. "ಒಂದು ವಾರ ತಡಿ ಅಣ್ಣಾ" ಅಂದೆ. ಇಪ್ಪತ್ತೆರಡು ಸಾವಿರ ಅವನಿಗೆ ಒಂದು ತಿಂಗಳ ಸಂಬಳದ ಹೆಚ್ಚುಕಮ್ಮಿ ಮುಕ್ಕಾಲು ಪಾಲು. ಸುಮ್ಮನೆ "ಅದೆಲ್ಲಾ ಜಾಹೀರಾತು ಬಿಡು" ಅಂದುಬಿಡೋದು ಸುಲಭ. ಆದರೆ ಅದು ಬರೀ ಜಾಹೀರಾತಲ್ಲ. ಕಷ್ಟ ಇರೋದೇ ಅಲ್ಲಿ.

ಶೂ ಒಂದು ಬ್ಯಾಂಕು ಅಂದುಕೊಳ್ಳಿ

ಜುಹು ಚೌಪಾಟಿಯ ಒಣ ಮರಳಿನಲ್ಲಿ ಓಡಿದ್ದೀರಾ? ಐದು ನಿಮಿಷಕ್ಕೆ ಕಾಲು ಸೋತುಹೋಗತ್ತೆ. ಕಾಲು ಮರಳನ್ನು ಒತ್ತತ್ತೆ, ಮರಳು ಪಕ್ಕಕ್ಕೆ ಜಾರತ್ತೆ, ಅಷ್ಟೇ. ನೀವು ಕೊಟ್ಟ ಶಕ್ತಿಯನ್ನು ಮರಳು ನುಂಗಿಬಿಡತ್ತೆ. ಅದೇ ಟೆನಿಸ್ ಚೆಂಡನ್ನು ಗಟ್ಟಿ ನೆಲಕ್ಕೆ ಹಾಕಿ, ಕೊಟ್ಟದ್ದರಲ್ಲಿ ಒಂದು ಭಾಗ ವಾಪಸ್ ಬರತ್ತೆ, ಚೆಂಡು ಪುಟಿಯತ್ತೆ.

ಶೂ ಅಡಿಯ ಫೋಮ್ ಮಾಡೋದೂ ಇದೇ ವ್ಯವಹಾರ. ಪಾದ ನೆಲಕ್ಕೆ ಬಿದ್ದಾಗ ಫೋಮ್ ಅಮುಕಿಕೊಳ್ಳತ್ತೆ. ಪಾದ ಏಳುವಾಗ ಹಿಗ್ಗತ್ತೆ. ಒಳಗೆ ಹೋದ ಶಕ್ತಿಯಲ್ಲಿ ಎಷ್ಟು ಹೊರಗೆ ಬಂತು ಅನ್ನೋದೇ ಲೆಕ್ಕ. ಉಳಿದದ್ದು ಶಾಖವಾಗಿ ಹೋಗತ್ತೆ.

ಸುಮಾರು ನಲವತ್ತು ವರ್ಷ ಓಟದ ಶೂಗಳ ಅಡಿಗೆ ಇದ್ದದ್ದು ಹೆಚ್ಚಾಗಿ ಇವಿಎ ಅನ್ನೋ ಫೋಮ್. ಹವಾಯಿ ಚಪ್ಪಲಿ ನೆನಪಿಸಿಕೊಳ್ಳಿ, ಹೆಚ್ಚುಕಮ್ಮಿ ಆ ಕುಲದ್ದೇ ವಸ್ತು. 2013ರಲ್ಲಿ ಅಡಿಡಾಸ್ 'ಬೂಸ್ಟ್' ಅನ್ನೋ ಬೇರೆ ಫೋಮ್ ತಂತು, ಸಣ್ಣ ಸಣ್ಣ ಕಾಳು ಅಂಟಿಸಿದ ಹಾಗೆ ಕಾಣತ್ತಲ್ಲ, ಅದು. ಆಮೇಲೆ ನೈಕಿ 2017ರಲ್ಲಿ 'ವೇಪರ್‌ಫ್ಲೈ' ಮಾರುಕಟ್ಟೆಗೆ ಬಿಟ್ಟಿತು. ಅದರ ಫೋಮ್ ಪೆಬಾ ಅನ್ನೋ ಪ್ಲಾಸ್ಟಿಕ್‌ನಿಂದ ಮಾಡಿದ್ದು.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ವೌಟರ್ ಹೂಗ್‌ಕಾಮರ್, ರಾಜರ್ ಕ್ರಾಮ್ ಮೊದಲಾದವರು ಈ ಮೂರು ಬಗೆಯ ಶೂಗಳನ್ನು ಪಕ್ಕಪಕ್ಕ ಇಟ್ಟು ಪರೀಕ್ಷೆ ಮಾಡಿದರು. ನೂರು ರೂಪಾಯಿ ಕೊಟ್ಟರೆ ಇವಿಎ ಶೂ ವಾಪಸ್ ಕೊಟ್ಟದ್ದು ಸುಮಾರು 65 ರೂಪಾಯಿ. ಬೂಸ್ಟ್ ಕೊಟ್ಟದ್ದು 76. ಪೆಬಾ ಕೊಟ್ಟದ್ದು 87.

ಇಲ್ಲಿ ಒಂದು ಮಾತು ಗಮನಿಸಿ. ನೂರು ಕೊಟ್ಟರೆ ನೂರ ಒಂದು ಕೊಡೋ ಬ್ಯಾಂಕು ಇದಲ್ಲ. ಅಂಥ ಫೋಮ್ ಜಗತ್ತಿನಲ್ಲೇ ಇಲ್ಲ, ಇರೋದಕ್ಕೂ ಸಾಧ್ಯವಿಲ್ಲ. ಜಾಹೀರಾತಿನಲ್ಲಿ "ಶೂ ನಿಮ್ಮನ್ನು ಮುಂದಕ್ಕೆ ತಳ್ಳತ್ತೆ" ಅಂದರೆ, ತಳ್ಳೋದು ನಿಮ್ಮ ಶಕ್ತಿಯೇ. ಶೂ ಕಡಿಮೆ ಕಮಿಷನ್ ಹಿಡಿಯತ್ತೆ, ಅಷ್ಟೇ.

ನಾಲ್ಕು ಪರ್ಸೆಂಟಿನ ಕಥೆ

ಅದೇ ಅಧ್ಯಯನದಲ್ಲಿ 18 ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿ, ಅವರ ಉಸಿರನ್ನು ಅಳೆದರು. ಒಂದೇ ವೇಗಕ್ಕೆ ದೇಹ ಎಷ್ಟು ಶಕ್ತಿ ಖರ್ಚು ಮಾಡತ್ತೆ ಅಂತ ಲೆಕ್ಕ. ಹೊಸ ಶೂನಲ್ಲಿ ಸರಾಸರಿ ಶೇ 4 ಕಡಿಮೆ ಖರ್ಚು. ಆ ಅಧ್ಯಯನಕ್ಕೆ ಕಂಪನಿಯದೇ ದುಡ್ಡು, ಹಾಗಾಗಿ ಅನುಮಾನ ಬರೋದು ಸಹಜ. ಆದರೆ ಆಮೇಲೆ ಬೇರೆ ಪ್ರಯೋಗಾಲಯಗಳು ತಾವೇ ಮಾಡಿ ನೋಡಿದಾಗಲೂ ಶೇ 3ರಿಂದ 4ರ ಆಸುಪಾಸೇ ಬಂತು.

87ಕ್ಕೂ 65ಕ್ಕೂ ಅಷ್ಟು ವ್ಯತ್ಯಾಸ, ಓಟಗಾರನಿಗೆ ಮಾತ್ರ ನಾಲ್ಕೇ ಯಾಕೆ? ಯಾಕಂದ್ರೆ ಓಟದಲ್ಲಿ ದೊಡ್ಡ ಸ್ಪ್ರಿಂಗು ಶೂ ಅಲ್ಲ, ನಮ್ಮ ಹಿಮ್ಮಡಿಯ ನರ ಮತ್ತು ಮೀನಖಂಡ. ಶೂ ಅದರ ಮುಂದೆ ಚಿಲ್ಲರೆ ವ್ಯಾಪಾರಿ. ಆದರೂ ಮ್ಯಾರಥಾನ್ ಅಂದರೆ 42 ಕಿಲೋಮೀಟರ್. ಅಷ್ಟು ದೂರದಲ್ಲಿ ಚಿಲ್ಲರೆಯೂ ಸೇರಿ ದೊಡ್ಡ ಮೊತ್ತ ಆಗತ್ತೆ.

ಇನ್ನು ಎಲ್ಲರೂ ಬಾಯಲ್ಲಿ ಹೇಳೋ ಕಾರ್ಬನ್ ಪ್ಲೇಟ್. ಜನ ಅದನ್ನು ಸ್ಪ್ರಿಂಗ್ ಅಂದುಕೊಂಡಿದ್ದಾರೆ. ಹೂಗ್‌ಕಾಮರ್ ಅವರ ಗುಂಪು ಆಮೇಲೆ ಒಂದು ಸರಳ ಕೆಲಸ ಮಾಡಿತು: ಶೂ ಒಳಗಿನ ಪ್ಲೇಟನ್ನು ಅಡ್ಡಡ್ಡ ಕತ್ತರಿಸಿಬಿಟ್ಟು, ಓಡಿಸಿ ನೋಡಿದರು. ಶಕ್ತಿಯ ಖರ್ಚಿನಲ್ಲಿ ಹೆಚ್ಚಾದದ್ದು ತೀರಾ ಸ್ವಲ್ಪ. ಅಂದರೆ ಬಹುಪಾಲು ಲಾಭ ಫೋಮಿನದು. ಹೆಸರು ಮಾತ್ರ ಪ್ಲೇಟಿನದು. ಹಾಗಂತ ಪ್ಲೇಟು ದಂಡ ಅಲ್ಲ. ಇಷ್ಟು ದಪ್ಪದ, ಇಷ್ಟು ಮೆತ್ತಗಿನ ಫೋಮನ್ನು ಹಾಗೇ ಬಿಟ್ಟರೆ ಕಾಲು ಓಲಾಡತ್ತೆ. ಪ್ಲೇಟು ಅದನ್ನು ಹಿಡಿದಿಡತ್ತೆ, ಬೆರಳಿನ ಬುಡ ಅತಿಯಾಗಿ ಬಾಗದ ಹಾಗೆ ನೋಡಿಕೊಳ್ಳತ್ತೆ.

ಮೂರನೇದು ತೂಕ. ಶೂ ತೂಕ 100 ಗ್ರಾಂ ಹೆಚ್ಚಾದರೆ ಖರ್ಚು ಸುಮಾರು ಶೇ 1 ಹೆಚ್ಚು ಅನ್ನೋದು ಹಳೆಯ ಲೆಕ್ಕ. ಪೆಬಾ ಹಗುರ, ಹಾಗಾಗಿ ದಪ್ಪ ಮಾಡಿದರೂ ಭಾರ ಆಗಲ್ಲ. 2023ರಲ್ಲಿ ಇಥಿಯೋಪಿಯಾದ ಟಿಗಿಸ್ಟ್ ಅಸೆಫಾ ಬರ್ಲಿನ್‌ನಲ್ಲಿ 2 ಗಂಟೆ 11 ನಿಮಿಷ 53 ಸೆಕೆಂಡಿನಲ್ಲಿ ಓಡಿದರಲ್ಲ, ಆಗ ಅವರು ಹಾಕಿದ್ದ ಅಡಿಡಾಸ್ ಶೂ 138 ಗ್ರಾಂ. ಒಂದು ಕ್ರಿಕೆಟ್ ಚೆಂಡಿಗಿಂತ ಹಗುರ! ಹಿಂದಿನ ದಾಖಲೆಗಿಂತ ಎರಡು ನಿಮಿಷಕ್ಕೂ ಹೆಚ್ಚು ಮುಂದೆ. ಆದರೆ ಆ ಶೂ ಬೆಲೆ 500 ಡಾಲರ್. ಕಂಪನಿಯೇ ಹೇಳಿದ್ದು, ಇದು ಒಂದು ಮ್ಯಾರಥಾನ್‌ಗೆ, ಜೊತೆಗೆ ಕಾಲಿಗೆ ಒಗ್ಗಿಸಿಕೊಳ್ಳೋ ಸ್ವಲ್ಪ ಓಟಕ್ಕೆ ಅಂತ. ಹಾಕಿ ಬಿಸಾಡೋ ಬಾಳೆಲೆ ಲೆಕ್ಕ.

ಗೆದ್ದದ್ದು ಕಾಲೋ, ಶೂನೋ?

2016ರ ರಿಯೋ ಒಲಿಂಪಿಕ್ಸ್. ಪುರುಷರ ಮ್ಯಾರಥಾನ್‌ನಲ್ಲಿ ಪದಕ ಗೆದ್ದ ಮೂವರೂ ಹಾಕಿದ್ದು ಈ ಶೂಗಳ ಮೊದಲ ಮಾದರಿ. ಆಗ ಅದು ಅಂಗಡಿಗೇ ಬಂದಿರಲಿಲ್ಲ. ನಾಲ್ಕನೆಯವನಿಗೆ ಹೇಗನಿಸಿರಬೇಕು ಯೋಚನೆ ಮಾಡಿ.

2019ರ ಅಕ್ಟೋಬರ್ 12, ವಿಯೆನ್ನಾ. ಎಲಿಯುಡ್ ಕಿಪ್ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಮುಗಿಸಿದರು. ಕಾಲಲ್ಲಿ ಇದ್ದದ್ದು ಇನ್ನೂ ಮಾರುಕಟ್ಟೆಗೆ ಬರದ ಶೂ. ಸರದಿ ಮೇಲೆ ಬದಲಾಗುತ್ತಿದ್ದ ವೇಗಗಾರರು, ಮುಂದೆ ದಾರಿ ತೋರಿಸೋ ಕಾರು, ಹೀಗೆಲ್ಲಾ ಇದ್ದದ್ದರಿಂದ ಅಧಿಕೃತ ದಾಖಲೆ ಆಗಲಿಲ್ಲ. ಮರುದಿನವೇ ಶಿಕಾಗೋದಲ್ಲಿ ಬ್ರಿಜಿಡ್ ಕೊಸ್ಗೇ, ಪೌಲಾ ರಾಡ್‌ಕ್ಲಿಫ್ ಅವರ 2003ರ ದಾಖಲೆಯನ್ನು 81 ಸೆಕೆಂಡಿನಿಂದ ಮುರಿದರು. ಇದಾದ ಮೇಲೆ ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ ಸುಮ್ಮನೆ ಕೂರೋಕೆ ಆಗಲಿಲ್ಲ. 2020ರ ಜನವರಿಯಲ್ಲಿ ನಿಯಮ ಬಂತು: ರಸ್ತೆ ಓಟದ ಶೂ ಅಡಿ 40 ಮಿಲಿಮೀಟರಿಗಿಂತ ದಪ್ಪ ಇರಬಾರದು, ಒಳಗೆ ಒಂದಕ್ಕಿಂತ ಹೆಚ್ಚು ಗಟ್ಟಿ ಪ್ಲೇಟ್ ಇರಬಾರದು.

ಈ ಜಗಳ ಓಟಕ್ಕಿಂತ ಮೊದಲು ಈಜಿನಲ್ಲಿ ಆಗಿತ್ತು. 2008ರಲ್ಲಿ ಸ್ಪೀಡೋ ಕಂಪನಿ ಒಂದು ಈಜುಡುಗೆ ತಂತು. ನಾಸಾ ಸಂಸ್ಥೆಯ ಗಾಳಿಸುರಂಗದಲ್ಲಿ ಅದರ ಬಟ್ಟೆಯನ್ನು ಪರೀಕ್ಷಿಸಿದ್ದರು. ಹೊಲಿಗೆ ಇಲ್ಲ, ಶಬ್ದತರಂಗದಿಂದ ಬೆಸೆದದ್ದು, ಮೇಲೆ ಪಾಲಿಯುರೆಥೇನ್ ಪಟ್ಟಿಗಳು. ಹಾಕಿಕೊಳ್ಳೋದಕ್ಕೇ ಅರ್ಧ ಗಂಟೆ ಹತ್ತಿರ ಬೇಕು, ಅಷ್ಟು ಬಿಗಿ. ಮುಂದಿನ ವರ್ಷ ಬೇರೆ ಕಂಪನಿಗಳು ಪೂರ್ತಿ ಪ್ಲಾಸ್ಟಿಕ್ಕಿನ ಉಡುಗೆಯನ್ನೇ ತಂದವು. 2009ರ ರೋಮ್ ವಿಶ್ವ ಚಾಂಪಿಯನ್‌ಶಿಪ್ ಒಂದರಲ್ಲೇ 43 ವಿಶ್ವದಾಖಲೆ ಬಿದ್ದವು. ಬೀಜಿಂಗ್‌ನಲ್ಲಿ ಎಂಟು ಚಿನ್ನ ಗೆದ್ದ ಮೈಕೆಲ್ ಫೆಲ್ಪ್ಸ್ ಅವರೇ 200 ಮೀಟರ್ ಫ್ರೀಸ್ಟೈಲ್‌ನಲ್ಲಿ ಜರ್ಮನಿಯ ಪೌಲ್ ಬೀಡರ್‌ಮನ್‌ಗೆ ಸೋತರು. 2010ರ ಜನವರಿ 1ರಿಂದ ಇಂಥ ಉಡುಗೆ ನಿಷೇಧ. ಗಂಡಸರಿಗೆ ಸೊಂಟದಿಂದ ಮೊಣಕಾಲವರೆಗೆ, ಅದೂ ನೇಯ್ದ ಬಟ್ಟೆಯೇ ಇರಬೇಕು.

ಈಜಿನವರು ಪೂರ್ತಿ ಬಾಗಿಲು ಹಾಕಿದರು. ಓಟದವರು ಬಾಗಿಲು ಅರ್ಧ ತೆರೆದಿಟ್ಟು, ಇಷ್ಟೇ ಅಗಲ ಅಂತ ಗೆರೆ ಎಳೆದರು. ಯಾವುದು ಸರಿ ಅಂತ ನಾನು ತೀರ್ಪು ಕೊಡಲ್ಲ. ಎರಡೂ ಕಡೆ ಒಪ್ಪಿಕೊಂಡದ್ದು ಒಂದೇ ಮಾತು: ತಂತ್ರಜ್ಞಾನದ ಲಾಭ ನಿಜ. ಸುಳ್ಳಾಗಿದ್ದರೆ ನಿಯಮ ಯಾಕೆ ಬೇಕಿತ್ತು?

ಆದರೆ ಎಲ್ಲರಿಗೂ ನಾಲ್ಕು ಸಿಗಲ್ಲ

ಈಗ ನಮ್ಮನಿಮ್ಮಂಥವರ ವಿಷಯಕ್ಕೆ ಬರೋಣ. ಮುಂಬೈ ಮ್ಯಾರಥಾನ್ ಬೆಳಗ್ಗೆ ಸಿಎಸ್‌ಎಂಟಿ ಹತ್ತಿರ ನಿಂತು ನೋಡಿ. ಐದು ಗಂಟೆಯಲ್ಲಿ ಮುಗಿಸೋರ ಕಾಲಲ್ಲೂ ಇದೇ ಶೂ. ಮೊದಲ ಅಧ್ಯಯನ ಮಾಡಿದ್ದು ಗಂಟೆಗೆ 14ರಿಂದ 18 ಕಿಲೋಮೀಟರ್ ವೇಗದಲ್ಲಿ. ಬೇರೆಯವರು ನಿಧಾನ ವೇಗದಲ್ಲಿ ಅಳೆದಾಗ, ಗಂಟೆಗೆ 12 ಕಿಲೋಮೀಟರಿಗೆ ಲಾಭ ಶೇ 1.4ಕ್ಕೆ ಇಳಿಯಿತು, 10 ಕಿಲೋಮೀಟರಿಗೆ ಶೇ 0.9. ನಾವು ಓಡೋದು ಅದಕ್ಕಿಂತಲೂ ನಿಧಾನ, ಅಲ್ವಾ?

ಇನ್ನೊಂದು: ಸರಾಸರಿ ಅನ್ನೋದು ಮೋಸದ ಮಾತು. ಕೀನ್ಯಾದ ಅಗ್ರ ಓಟಗಾರರ ಮೇಲೆ ಮಾಡಿದ ಒಂದು ಅಧ್ಯಯನದಲ್ಲಿ ಒಬ್ಬರಿಗೆ ಶೇ 11ರಷ್ಟು ಲಾಭ, ಇನ್ನೊಬ್ಬರಿಗೆ ಹೆಚ್ಚುಕಮ್ಮಿ ಅಷ್ಟೇ ನಷ್ಟ! ಒಬ್ಬರ ಕಾಲಿಗೆ ಹೊಂದಿದ್ದು ಇನ್ನೊಬ್ಬರಿಗೆ ಹೊಂದಲ್ಲ. ಹಾಕಿ ನೋಡದೆ ತಿಳಿಯಲ್ಲ.

ನನ್ನದೇ ಕಥೆ ಕೇಳಿ. ಎರಡು ವರ್ಷದ ಹಿಂದೆ ಡಿಸ್ಕೌಂಟ್‌ನಲ್ಲಿ ಸಿಕ್ಕಿತು ಅಂತ ಒಂದು ಜೋಡಿ ತಗೊಂಡೆ. ರೇಸಿಗೆ ಇಟ್ಟುಕೊಳ್ಳಬೇಕಾದ ಶೂವನ್ನು ಆಸೆಗೆ ದಿನಾ ಹಾಕಿ ಓಡಿದೆ. ಮೂರನೇ ವಾರಕ್ಕೆ ಮೀನಖಂಡ ಹಿಡಿಯಿತು, ಆಮೇಲೆ ಪಾದದ ನಡುಭಾಗ. ಎರಡು ತಿಂಗಳು ಓಟ ಬಂದ್. ಫಿಸಿಯೋ ಹೇಳಿದ್ದು ಇಷ್ಟೇ: "ಶೂ ಕೆಲಸ ಬದಲಾಯಿಸತ್ತೆ, ಕೆಲಸ ಕಡಿಮೆ ಮಾಡಲ್ಲ. ನಿಮ್ಮ ಕಾಲಿಗೆ ಹೊಸ ಕೆಲಸ ಕಲಿಯೋಕೆ ಸಮಯ ಕೊಟ್ಟಿಲ್ಲ." 2023ರಲ್ಲಿ ಕ್ರೀಡಾ ವೈದ್ಯರ ಒಂದು ಗುಂಪು ಇಂಥ ಶೂ ಹಾಕೋ ಐದು ಓಟಗಾರರ ವಿವರ ಪ್ರಕಟಿಸಿತು. ಎಲ್ಲರಿಗೂ ಪಾದದ ನಡುವಿನ ನ್ಯಾವಿಕ್ಯುಲರ್ ಅನ್ನೋ ಸಣ್ಣ ಎಲುಬಿಗೇ ಪೆಟ್ಟು. ಐದು ಜನರಿಂದ ಶೂನೇ ತಪ್ಪು ಅಂತ ಸಾಬೀತಾಗಲ್ಲ. ಆದರೆ ನಿಧಾನವಾಗಿ ಒಗ್ಗಿಸಿಕೊಳ್ಳಿ ಅಂತ ವೈದ್ಯರು ಹೇಳೋದಕ್ಕೆ ಅಷ್ಟು ಸಾಕು. ಎಲುಬು ಇನ್ನೂ ಬೆಳೀತಾ ಇರೋ ಹದಿನೈದರ ಹುಡುಗಿಗೆ ಇನ್ನೂ ಹೆಚ್ಚು ಸಾಕು.

ಬಟ್ಟೆ ವಿಷಯ

ಶೂ ಬಗ್ಗೆ ಇಷ್ಟು ಗಲಾಟೆ, ಮೈಮೇಲಿನ ಬಟ್ಟೆ ಬಗ್ಗೆ ಯಾರೂ ಮಾತಾಡಲ್ಲ. ಹತ್ತಿ ಬನಿಯನ್ ಹಾಕಿ ಮುಂಬೈನ ಮೇ ತಿಂಗಳಲ್ಲಿ ಓಡಿದರೆ ಏನಾಗತ್ತೆ ನಿಮಗೇ ಗೊತ್ತು. ಹತ್ತಿಯ ನೂಲು ನೀರು ಕುಡಿಯತ್ತೆ. ಸಾಧಾರಣ ಗಾಳಿಯಲ್ಲೇ ತನ್ನ ತೂಕದ ಶೇ 8ರಷ್ಟು ತೇವ ಹಿಡಿದಿಟ್ಟುಕೊಂಡಿರತ್ತೆ. ಪಾಲಿಯೆಸ್ಟರ್ ಹಿಡಿಯೋದು ಶೇ 0.4 ಮಾತ್ರ. ಬೆವರು ನೂಲಿನ ಒಳಗೆ ಹೋಗದೆ, ನೂಲುನೂಲಿನ ಸಂದಿಯಲ್ಲಿ ಹರಿದು ಬಟ್ಟೆಯ ಹೊರಮೈಗೆ ಬಂದು ಆವಿಯಾಗತ್ತೆ. ದೀಪದ ಬತ್ತಿಯಲ್ಲಿ ಎಣ್ಣೆ ಏರತ್ತಲ್ಲ, ಅದೇ ಕ್ರಮ. ಒಂದು ಲೀಟರ್ ಬೆವರು ಪೂರ್ತಿ ಆವಿಯಾದರೆ ಮೈಯಿಂದ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೋಗತ್ತೆ. ಆವಿಯಾಗದೆ ತೊಟ್ಟಿಕ್ಕಿದರೆ ಲೆಕ್ಕಕ್ಕಿಲ್ಲ. ಅದಕ್ಕೇ ದಿಲ್ಲಿಯ ಒಣ ಏಪ್ರಿಲ್‌ನಲ್ಲಿ ಈ ಬಟ್ಟೆ ಚೆನ್ನಾಗಿ ಕೆಲಸ ಮಾಡತ್ತೆ, ಚೆನ್ನೈ, ಮುಂಬೈಯ ಜಿಗುಟು ಗಾಳಿಯಲ್ಲಿ ಅರ್ಧಂಬರ್ಧ. ಅಲ್ಲಿ ಬಟ್ಟೆಗಿಂತ ಬೆಳಗ್ಗೆ ಐದು ಗಂಟೆಗೆ ಏಳೋದೇ ದೊಡ್ಡ ತಂತ್ರಜ್ಞಾನ.

ಮನೆಗೆ ಒಂದು ಸಲಹೆ: ಈ ಬಟ್ಟೆ ಒಗೆಯುವಾಗ ಕಂಫರ್ಟ್ ತರಹದ್ದು ಹಾಕಬೇಡಿ. ಅದು ನೂಲಿನ ಮೇಲೆ ಪದರ ಕಟ್ಟಿ, ಬೆವರು ಹರಿಯೋ ದಾರಿ ಮುಚ್ಚತ್ತೆ. ವಾಸನೆಯೂ ಹೋಗಲ್ಲ.

ನಾನು ಇದನ್ನೆಲ್ಲಾ ಓದಿ ಅಣ್ಣನಿಗೆ ಮತ್ತೆ ಫೋನ್ ಮಾಡಿದಾಗ ವೈನಿ ಎತ್ತಿಕೊಂಡರು. ಪೂರ್ತಿ ಕೇಳಿ, ಆಮೇಲೆ ದನಿ ತಗ್ಗಿಸಿ ಹೇಳಿದರು: "ಶೂದ್ದು ಇರಲಿ ಬಿಡ್ರಿ. ಅಕಿಗೆ ಓಡುವಾಗ ಹಾಕ್ಕೊಳ್ಳೋ ಒಳಗಿನ ಬಟ್ಟಿ ಸರಿ ಇಲ್ಲ. ಎರಡು ಹಾಕ್ಕೊಂಡು ಓಡ್ತಾಳ. ನಿಮ್ಮ ಅಣ್ಣಗ ಹೆಂಗ ಹೇಳೂದು ಅಂತ ಸುಮ್ಮನಿದ್ದಾಳ."

ನಾನು ಒಂದು ವಾರ ಓದಿದ್ದೆ. ಈ ಮಾತು ನನ್ನ ತಲೆಗೇ ಬಂದಿರಲಿಲ್ಲ.

ಓಟಕ್ಕೆಂದೇ ಮಾಡಿದ ಸ್ಪೋರ್ಟ್ಸ್ ಬ್ರಾ ಹುಟ್ಟಿದ್ದೇ 1977ರಲ್ಲಿ. ಅಮೆರಿಕದ ವರ್ಮಾಂಟ್‌ನಲ್ಲಿ ಲೀಸಾ ಲಿಂಡಾಲ್, ಪಾಲಿ ಸ್ಮಿತ್, ಹಿಂಡಾ ಮಿಲ್ಲರ್ ಅನ್ನೋ ಮೂವರು ಹೆಂಗಸರು, ಗಂಡಸರ ಎರಡು ಲಂಗೋಟಿಗಳನ್ನು ಜೋಡಿಸಿ ಹೊಲಿದು ಮೊದಲನೆಯದನ್ನು ಮಾಡಿದರು. ಗಾಳಿಸುರಂಗ ಇಲ್ಲ, ಕಾರ್ಬನ್ ಇಲ್ಲ. ಆದರೆ ಓಡೋದಕ್ಕೇ ಹಿಂಜರಿತಿದ್ದ ಎಷ್ಟೋ ಹೆಣ್ಣುಮಕ್ಕಳನ್ನು ಮೈದಾನಕ್ಕೆ ತಂದ ತಂತ್ರಜ್ಞಾನ ಅದು. ಶೇ 4 ಅಲ್ಲ, ಸೊನ್ನೆಯಿಂದ ನೂರು.

ಅಣ್ಣನಿಗೆ ಹೇಳಿದ್ದು

ಕೊನೆಗೆ ಅಣ್ಣನಿಗೆ ಹೇಳಿದ್ದನ್ನೇ ನಿಮಗೂ ಹೇಳ್ತೀನಿ.

ಒಂದು, ಮಗಳು ಓಡೋದು ಟ್ರ್ಯಾಕ್ ಮೇಲೆ. 2024ರ ನವೆಂಬರ್‌ನಿಂದ ವಿಶ್ವ ಅಥ್ಲೆಟಿಕ್ಸ್ ನಿಯಮದಲ್ಲಿ ಟ್ರ್ಯಾಕ್ ಓಟದ ಶೂ ಅಡಿಯ ಮಿತಿ 20 ಮಿಲಿಮೀಟರ್. ಅವಳು ಕೇಳ್ತಿರೋ ರಸ್ತೆ ಓಟದ ಶೂ ಅದರ ಎರಡರಷ್ಟು ದಪ್ಪ. ನಿಯಮ ಕಟ್ಟುನಿಟ್ಟಾಗಿರೋ ಕೂಟಕ್ಕೆ ಹೋದ ದಿನ ಸಾಲದ ಶೂವನ್ನು ಬ್ಯಾಗಿನಲ್ಲೇ ಇಡಬೇಕು. ಅವಳಿಗೆ ಬೇಕಾದ್ದು ದೂರದ ಓಟದ ಸಾಧಾರಣ ಸ್ಪೈಕ್ಸ್, ಮೂರ್ನಾಲ್ಕು ಸಾವಿರದಿಂದ ಸಿಗತ್ತೆ.

ಎರಡು, ದಿನಾ ಓಡೋದಕ್ಕೆ ಹಾಕಿದ ತಕ್ಷಣ ಹಿತ ಅನಿಸೋ ಸಾದಾ ಶೂ. ಬೆರಳಿನ ಮುಂದೆ ಹೆಬ್ಬೆರಳಗಲ ಜಾಗ ಇರಲಿ. ಸಂಜೆ ಹೊತ್ತು ಹೋಗಿ ತಗೊಳ್ಳಿ, ಆಗ ಪಾದ ಸ್ವಲ್ಪ ಊದಿರತ್ತೆ.

ಮೂರು, ಎರಡು ಒಳ್ಳೆ ಸ್ಪೋರ್ಟ್ಸ್ ಬ್ರಾ. ವೈನಿ ಜೊತೆ ಹೋಗಿ ಅವಳೇ ಆರಿಸಲಿ.

ನಾಲ್ಕು, ಉಳಿದ ದುಡ್ಡಲ್ಲಿ ಮೊಟ್ಟೆ, ಶೇಂಗಾ, ಹಾಲು. ವಾರಕ್ಕೊಮ್ಮೆ ಬಾಲೇವಾಡಿಯ ಸಿಂಥೆಟಿಕ್ ಟ್ರ್ಯಾಕಿಗೆ ಹೋಗೋ ಬಸ್ ಚಾರ್ಜು.

ಹುಡುಗಿ ಫೋನ್ ಇಸಕೊಂಡು ಕೇಳಿದಳು: "ಕಾಕಾ, ಹಂಗಾರ ಆ ಶೂ ಸುಳ್ಳೇನು?" ಇಲ್ಲ ಮಗಳೇ, ಸುಳ್ಳಲ್ಲ ಅಂದೆ. ಆಮೇಲೆ ಶಿವನಾಥ್ ಸಿಂಗ್ ಅವರ ಹೆಸರು ಹೇಳಿದೆ. ಬಿಹಾರದವರು, ಸೈನಿಕ, ಬರಿಗಾಲಲ್ಲಿ ಓಡೋದಕ್ಕೇ ಹೆಸರಾದವರು. 1976ರ ಮಾಂಟ್ರಿಯಲ್ ಒಲಿಂಪಿಕ್ ಮ್ಯಾರಥಾನ್‌ನಲ್ಲಿ ಹನ್ನೊಂದನೇ ಸ್ಥಾನ. 1978ರಲ್ಲಿ ಜಲಂಧರದಲ್ಲಿ 2 ಗಂಟೆ 12 ನಿಮಿಷದಲ್ಲಿ ಓಡಿದರು. ಪೆಬಾ ಬಂತು, ಕಾರ್ಬನ್ ಬಂತು, ಆದರೂ ಆ ಭಾರತೀಯ ದಾಖಲೆ ನಾಲ್ಕು ದಶಕಕ್ಕೂ ಹೆಚ್ಚು ಕಾಲ ಹಾಗೇ ನಿಂತಿತ್ತು. ಶೂ ಶೇ 4 ಕೊಡಬಹುದು. ಉಳಿದ 96 ಯಾವ ಅಂಗಡಿಯಲ್ಲೂ ಸಿಗಲ್ಲ.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ "ಸ್ಪೈಕ್ಸ್ ಯಾವ ಬಣ್ಣದ್ದು ತರಲಿ?" ಅಂದಳು. ಆವತ್ತು ರಾತ್ರಿ ಊಟ ಮಾಡಿದಳಂತೆ, ವೈನಿ ಮೆಸೇಜ್ ಹಾಕಿದ್ದರು.

ನಿಮ್ಮ ಮನೆಯಲ್ಲೂ ಇಂಥ ಓಟಗಾರರು ಇದ್ದರೆ ಇದನ್ನು ಅವರಿಗೆ ಕಳಿಸಿ, ಅದಕ್ಕಿಂತ ಹೆಚ್ಚಾಗಿ ಅವರ ಅಪ್ಪ ಅಮ್ಮನಿಗೆ ಕಳಿಸಿ. ಮುಂದಿನ ವಾರ ಇನ್ನೊಂದು ವಿಷಯದ ಜೊತೆ ಸಿಗೋಣ.